ರಿಂಗು ಸಿಕ್ಕರೆ ಎಂಜಿನ್ ಉಳಿಯಿತು

ಪುಣೆಯಿಂದ ಹಡಪ್ಸರ ದಾಟಿ ದಿವೆ ಘಾಟ್ ಹತ್ತಿದರೆ ಸಾಸವಡ. ದೂರ ಸುಮಾರು 30 ಕಿ.ಮೀ. ಆಷಾಢೀ ವಾರಿಯಲ್ಲಿ ಜ್ಞಾನೇಶ್ವರರ ಪಾಲಖಿ ಇದೇ ಘಾಟ್ ಏರಿ ಬಂದು ಇಲ್ಲಿ ತಂಗುತ್ತದೆ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇರುವುದೂ ಇಲ್ಲಿಯೇ. ಮೊದಲ ಪ್ರಬಲ ಪೇಶ್ವೆ ಬಾಳಾಜಿ ವಿಶ್ವನಾಥ 1720ರಲ್ಲಿ ತೀರಿಕೊಂಡಿದ್ದು ಈ ಊರಿನಲ್ಲಿ. ಇತಿಹಾಸದ ಪುಸ್ತಕಗಳಲ್ಲಿ ಸಾಸವಡಕ್ಕೆ ಜಾಗ ಸಿಗುವುದು ಇಂಥ ಕಾರಣಗಳಿಗೆ. ಆದರೆ ಈ ಸೀಮೆಯ ಕಳೆದ ನೂರು ವರ್ಷಗಳ ಬದುಕನ್ನು ತಿಳಿಯಬೇಕೆಂದರೆ ಸಮಾಧಿಗಳ ಜೊತೆಗೆ ಬಾವಿಕಟ್ಟೆಯನ್ನೂ ನೋಡಬೇಕು. ಅಲ್ಲಿ ತಗಡಿನ ಮಾಡಿನ ಕೆಳಗೆ, ಎಣ್ಣೆ ಮತ್ತು ಧೂಳು ಸೇರಿ ಕಪ್ಪಾದ ಒಂದು ಡೀಸೆಲ್ ಎಂಜಿನ್ ಕೂತಿರುತ್ತದೆ. ಕೆಲವು ಇನ್ನೂ ಓಡುತ್ತವೆ. ಕೆಲವು ನಿಂತುಹೋಗಿವೆ. ಎರಡರ ನಡುವಿನ ಅಂತರ ಎಷ್ಟೋ ಸಲ ಒಂದು ಪಿಸ್ಟನ್ ರಿಂಗಿನಷ್ಟೇ.

ಪುರಂದರ ತಾಲೂಕು ಮಳೆನೆರಳಿನ ಪ್ರದೇಶ. ಕರ್ಹಾ ನದಿ ವರ್ಷದ ಬಹುಪಾಲು ಬತ್ತಿರುತ್ತದೆ. ಆದರೂ ಇಲ್ಲಿಯ ಅಂಜೂರ ಮತ್ತು ಸೀತಾಫಲ ಹೆಸರುವಾಸಿ. ಅದಕ್ಕೆ ಕಾರಣ ಬಾವಿ. ದಖನ್ನಿನ ಕರಿಕಲ್ಲನ್ನು ಒಡೆದು ತೋಡಿದ ಅಗಲವಾದ ತೆರೆದ ಬಾವಿಗಳಿಂದ ಎತ್ತುಗಳನ್ನು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದರು. ಮರಾಠಿಯಲ್ಲಿ ಅದು 'ಮೋಟ್'. ಒಂದು ಜೋಡಿ ಎತ್ತು, ಒಂದು ಚರ್ಮದ ಚೀಲ, ಹಿಂದೆ ಮುಂದೆ ನಡೆಯುವ ಒಬ್ಬ ಮನುಷ್ಯ. ಒಂದು ದಿನಕ್ಕೆ ಎಷ್ಟು ನೆಲ ನೆನೆಯಬಹುದೆಂಬುದು ಎತ್ತಿನ ಉಸಿರಿನ ಮೇಲೆ ನಿಂತಿತ್ತು.

ನೀರು ಸಾಲದೆ ಊರು ಬಿಟ್ಟವರೂ ಇದ್ದರು. ತೋಟಗಾರಿಕೆಯಲ್ಲಿ ನುರಿತ ಸಾಸವಡದ ಮಾಳಿ ಸಮುದಾಯದ ರೈತರು ನೀರಾ ಕಾಲುವೆಯ ಕಡೆಗೆ ಹೋಗಿ ಜಮೀನು ಹಿಡಿದರು, ಕಬ್ಬು ಬೆಳೆದರು. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಅಕಲೂಜ್ ಬಳಿ ತಮ್ಮದೇ ಸಕ್ಕರೆ ಕಾರ್ಖಾನೆ ಕಟ್ಟಿದರು. ಆ ಊರು ಮಾಳಿನಗರವಾಯಿತು. ಕಾರ್ಖಾನೆಯ ಹೆಸರು ಮಾತ್ರ ಇವತ್ತಿಗೂ 'ಸಾಸವಡ ಮಾಳಿ ಶುಗರ್ ಫ್ಯಾಕ್ಟರಿ'. ಊರು ಬಿಟ್ಟರೂ ಹೆಸರು ಬಿಡಲಿಲ್ಲ. ಊರಿನಲ್ಲೇ ಉಳಿದವರಿಗೆ ಎತ್ತಿನ ಬದಲು ಬೇರೆ ಏನಾದರೂ ಬೇಕಿತ್ತು.

ಆ ಬೇರೆ ಏನೋ ಆಗಲೇ ಹಡಗಿನಲ್ಲಿ ಬರತೊಡಗಿತ್ತು. ಇಂಗ್ಲೆಂಡಿನ ಗ್ರಾಂಥಮ್‌ನಲ್ಲಿ ಹಾರ್ನ್ಸ್‌ಬಿ ಕಂಪನಿ 1890ರ ದಶಕದಲ್ಲಿ ತಯಾರಿಸಿದ ಎಣ್ಣೆ ಎಂಜಿನ್‌ಗಳಿಗೆ ದೀಪ ಹಚ್ಚಿ ತಲೆಯ ಭಾಗವನ್ನು ಕಾಯಿಸಬೇಕಿತ್ತು; ಕಾದ ಮೇಲೆಯೇ ಅವು ಓಡುತ್ತಿದ್ದವು. 1929ರಲ್ಲಿ ಡರ್ಸ್‌ಲಿ ಊರಿನ ಲಿಸ್ಟರ್ ಕಂಪನಿ 'ಸಿಎಸ್' ಎಂಬ ಎಂಜಿನ್ ತಂದಿತು. ಸಿಎಸ್ ಎಂದರೆ ಕೋಲ್ಡ್ ಸ್ಟಾರ್ಟ್. ಕಾಯಿಸುವ ತಾಪತ್ರಯವಿಲ್ಲ, ಹ್ಯಾಂಡಲ್ ತಿರುಗಿಸಿದರೆ ಸಾಕು. 6 ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು, ಎರಡು ಬದಿಗೂ ಭಾರದ ಫ್ಲೈವೀಲ್. 1987ರವರೆಗೂ ಅದು ಹೆಚ್ಚು ಬದಲಾಗದೆ ತಯಾರಾಯಿತು.

ಇತ್ತ ಸಾತಾರಾದಲ್ಲಿ ಧನಜೀಶಾ ಕೂಪರ್ ಅವರ ಕಾರ್ಖಾನೆ 1930ರ ದಶಕದಲ್ಲೇ ಡೀಸೆಲ್ ಎಂಜಿನ್ ಮಾಡತೊಡಗಿತು. 1937ರಲ್ಲಿ ಕೆಲವು ತಿಂಗಳು ಮುಂಬೈ ಪ್ರಾಂತ್ಯದ ಪ್ರಧಾನಿಯಾಗಿದ್ದವರೂ ಇದೇ ಕೂಪರ್. ಆದರೆ ಪುಣೆ ಜಿಲ್ಲೆಯ ಬಾವಿಗಳ ಮೇಲೆ ಹೆಚ್ಚು ಕೇಳಿಬಂದ ಹೆಸರು ಇನ್ನೊಂದು. ಅದರ ಬೇರು ಕನ್ನಡ ನಾಡಿನಲ್ಲಿದೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಬಣ್ಣ ಗುರುತಿಸುವಲ್ಲಿ ಕಣ್ಣಿಗೆ ದೋಷವಿದ್ದದ್ದರಿಂದ ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದಕ್ಕೆ ತಿರುಗಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೆಂದು ರೈತರು ಹೆದರಿದ್ದರಿಂದ ಮೊದಮೊದಲ ನೇಗಿಲುಗಳು ಮಾರಾಟವಾಗದೆ ಉಳಿದವು. ಬೆಳಗಾವಿಯಲ್ಲಿ ಇದ್ದ ಜಾಗ ಕೈತಪ್ಪಿದಾಗ ಔಂಧ್ ಸಂಸ್ಥಾನದ ಅರಸರು ನೆಲ ಕೊಟ್ಟರು, ಸಾಲ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು.

ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಬಂದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಬ್ರಿಟಿಷ್ ಎಂಜಿನ್ ತಯಾರಕರ ಸಹಯೋಗದಲ್ಲಿ ಅಲ್ಲಿ ತಯಾರಾದ ಎಂಜಿನ್‌ಗಳಲ್ಲಿ ಮನೆಮಾತಾದದ್ದು 'ಎವಿ1'. ಒಂದೇ ಸಿಲಿಂಡರ್, ನೆಟ್ಟಗೆ ನಿಂತ ರಚನೆ, ನೀರಿನಿಂದ ತಣಿಯುವ ವ್ಯವಸ್ಥೆ. ಸಿಲಿಂಡರಿನ ವ್ಯಾಸ 80 ಮಿ.ಮೀ., ಪಿಸ್ಟನ್ ಓಡಾಡುವ ದೂರ 110 ಮಿ.ಮೀ. ನಿಮಿಷಕ್ಕೆ 1500 ಸುತ್ತಿನಲ್ಲಿ 5 ಅಶ್ವಶಕ್ತಿ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಓದಿದವರಲ್ಲಿ ಅನೇಕರು ಇದನ್ನೋ ಇದರ ಅಣ್ಣತಮ್ಮಂದಿರನ್ನೋ ಪ್ರಯೋಗಾಲಯದಲ್ಲಿ ಓಡಿಸಿ ಲೆಕ್ಕ ಬರೆದಿರುತ್ತಾರೆ.

ಒಂದು ಎಂಜಿನ್ ಒಂದು ಕಾರ್ಖಾನೆಯ ಕೂಸಲ್ಲ. ಡೀಸೆಲ್ಲನ್ನು ಅತಿ ಹೆಚ್ಚು ಒತ್ತಡದಲ್ಲಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ಪಂಪ್ ಮತ್ತು ನಾಝಲ್ ಬಹು ಸೂಕ್ಷ್ಮ ಕೆಲಸ. ಜರ್ಮನಿಯ ಬಾಷ್ ಕಂಪನಿ ಈ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದ್ದು 1927ರಲ್ಲಿ. ಭಾರತದಲ್ಲಿ ಅದನ್ನು ಮಾಡಿದ್ದು ಬಾಷ್ ಸಹಯೋಗದಿಂದ 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ. ಇನ್ನು ಕೆಟ್ಟ ಎಂಜಿನ್ನಿಗೆ ಬುಶ್ ಕಡೆಯುವ ಲೇತ್? ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮಾಡುತ್ತಿದ್ದುದೇ ಲೇತ್. ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಅದರ ಲೇತ್‌ಗಳು ಮಾತ್ರ ದೇಶದ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಹಳೆಯ ಯಂತ್ರವೊಂದನ್ನು ಇನ್ನೊಂದು ಹಳೆಯ ಯಂತ್ರ ಉಳಿಸುವುದು ಹೀಗೆ.

ನಿಂತ ಎಂಜಿನ್ನನ್ನು ಎಬ್ಬಿಸುವ ಕೆಲಸಕ್ಕೆ ಒಂದು ಕ್ರಮವಿದೆ. ಮಳೆನೀರು ಒಳಗಿಳಿದು ರಿಂಗುಗಳು ತುಕ್ಕು ಹಿಡಿದು ಲೈನರಿಗೆ ಅಂಟಿದ್ದರೆ ಫ್ಲೈವೀಲ್ ಅಲುಗುವುದಿಲ್ಲ. ಆಗ ಅವಸರ ಮಾಡಿದವನು ಕೆಟ್ಟ. ಹೆಡ್ ಬಿಚ್ಚಿ, ಪಿಸ್ಟನ್ನಿನ ಮೇಲೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಸುರಿದು ದಿನಗಟ್ಟಲೆ ಬಿಡಬೇಕು. ಆಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ಬಡಿಯಬೇಕು. ಪಿಸ್ಟನ್ ಬಿಟ್ಟುಕೊಂಡ ಮೇಲೆ ರಿಂಗನ್ನು ಲೈನರಿನೊಳಗೆ ಒಂಟಿಯಾಗಿ ಕೂರಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಸಂದು ದೊಡ್ಡದಾಗಿದ್ದರೆ ರಿಂಗೋ ಲೈನರೋ ಸವೆದಿದೆ ಎಂದರ್ಥ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಎವಿ1ರಲ್ಲಿ ಗಾಳಿಯನ್ನು ಸುಮಾರು ಹದಿನಾರೂವರೆ ಪಟ್ಟು ಒತ್ತಿದಾಗ ಹುಟ್ಟುವ ಬಿಸಿಯೇ ಬೆಂಕಿಕಡ್ಡಿ. ರಿಂಗು ಸೋರಿದರೆ ಒತ್ತಡವಿಲ್ಲ, ಒತ್ತಡವಿಲ್ಲದಿದ್ದರೆ ಬಿಸಿಯಿಲ್ಲ, ಬಿಸಿಯಿಲ್ಲದಿದ್ದರೆ ಎಂಜಿನ್ ಬರೀ ಕಬ್ಬಿಣ.

ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಅವುಗಳ ಕೂರುಜಾಗದಲ್ಲಿ ತಿಕ್ಕಿ ಸರಿಮಾಡುತ್ತಾರೆ. ತಣಿಸುವ ನೀರು ಬಾವಿಯದೇ ಆದ್ದರಿಂದ ಸುಣ್ಣದ ಅಂಶ ಒಳಗೋಡೆಗೆ ಗಟ್ಟಿಯಾಗಿ ಕಟ್ಟಿರುತ್ತದೆ. ಅದನ್ನು ಕೆರೆದು ತೆಗೆಯಬೇಕು. ನಾಝಲ್ಲನ್ನು ಹೊರಗೆ ಹಿಡಿದು ಎಂಜಿನ್ ತಿರುಗಿಸಿದರೆ ಡೀಸೆಲ್ ಮಂಜಿನಂತೆ ಹರಡಬೇಕು, ಹನಿಹನಿಯಾಗಿ ತೊಟ್ಟಿಕ್ಕಬಾರದು. ಆ ಮಂಜು ಚರ್ಮವನ್ನೇ ತೂರಿ ಒಳಹೋಗುವಷ್ಟು ರಭಸದ್ದು, ಆದ್ದರಿಂದ ಬಲ್ಲವರು ಅದಕ್ಕೆ ಕೈ ಒಡ್ಡುವುದಿಲ್ಲ. ನಾಝಲ್ ಹಾಕಿದ ಮೇಲೆ ಕೈಯಿಂದ ತಿರುಗಿಸುವಾಗ 'ಟಿಕ್' ಎಂಬ ಸದ್ದು ಕೇಳಿಸಬೇಕು. ನುರಿತ ಮೆಕ್ಯಾನಿಕ್ ಆ ಸದ್ದಿಗೆ ಕಿವಿಗೊಡುತ್ತಾನೆ.

ಇಷ್ಟೆಲ್ಲ ಗೊತ್ತಿದ್ದರೂ ಬಿಡಿಭಾಗ ಸಿಗದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಅದರಲ್ಲೂ ಹಳೆಯ ಬ್ರಿಟಿಷ್ ಎಂಜಿನ್‌ಗಳದು ಬೇರೆಯೇ ತೊಡಕು. ಅವುಗಳ ಬೋಲ್ಟುಗಳು ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಇಂಚಿನ ಅಳತೆಯವು. ಮರೆಯ ಕೋನ 55 ಡಿಗ್ರಿ. ಭಾರತ 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆಗೆ ಹೊರಳಿತು. ಮೆಟ್ರಿಕ್ ಬೋಲ್ಟಿನ ಮರೆಯ ಕೋನ 60 ಡಿಗ್ರಿ. ಕಣ್ಣಿಗೆ ಒಂದೇ ತರಹ ಕಾಣುವ ಬೋಲ್ಟು ಎರಡು ಸುತ್ತು ಒಳಹೋಗಿ ಸಿಕ್ಕಿಕೊಳ್ಳುತ್ತದೆ. ಬಲವಂತ ಮಾಡಿದರೆ ಅಚ್ಚಿನ ಕಬ್ಬಿಣದ ಮರೆಯೇ ಕಿತ್ತುಬರುತ್ತದೆ. ಆದ್ದರಿಂದ ಹಳೆಯ ಗ್ಯಾರೇಜುಗಳಲ್ಲಿ ಇಂಚಿನ ಪಾನಾಗಳ ಒಂದು ಸೆಟ್ಟನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಕೂಡುವ ಜುನಾ ಬಜಾರಿನಲ್ಲಿ, ಹಳೆಯ ಬೀಗ, ಗಡಿಯಾರ, ನಾಣ್ಯಗಳ ನಡುವೆ ಅಂಥ ಪಾನಾಗಳು ಇಂದಿಗೂ ಸಿಗುತ್ತವೆ.

ಪಾನಾ ಎಂಬ ಮಾತು ಮರಾಠಿಯಲ್ಲೂ ಇದೆ, ಕನ್ನಡದ ಗ್ಯಾರೇಜುಗಳಲ್ಲೂ ಇದೆ. ಮರಾಠಿಯ 'ಮಿಸ್ತ್ರಿ', ಕನ್ನಡದ 'ಮೇಸ್ತ್ರಿ' ಎರಡೂ ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದವು. ಅದರ ಅರ್ಥ ಗುರು, ಕೆಲಸ ಬಲ್ಲವನು. ಕನ್ನಡದಲ್ಲಿ ಅವನು ಆಳುಗಳ ಮೇಲ್ವಿಚಾರಕನೂ ಆದ. ಮರಾಠಿಯಲ್ಲಿ ಎಂಜಿನ್ ರಿಪೇರಿಯವನನ್ನೂ ಹಾಗೆಯೇ ಕರೆಯುತ್ತಾರೆ. ಕೈಕಸುಬಿನ ಮಾತುಗಳು ಗಡಿ ಕೇಳಿ ದಾಟಿದವಲ್ಲ.

ಹಾಗಿದ್ದರೆ ಕಂಪನಿಯೇ ತಯಾರಿಕೆ ನಿಲ್ಲಿಸಿದ ಎಂಜಿನ್ನಿಗೆ ಇವತ್ತು ರಿಂಗು ಬರುವುದು ಎಲ್ಲಿಂದ? ಉತ್ತರ ಗುಜರಾತಿನ ರಾಜಕೋಟ್‌ನಲ್ಲಿದೆ. ಅಲ್ಲಿಯ ಸಣ್ಣ ಫೌಂಡ್ರಿಗಳು ದಶಕಗಳಿಂದ ಲಿಸ್ಟರ್ ಎಂಜಿನ್ನಿನ ನಕಲು ಮಾಡುತ್ತ ಬಂದಿವೆ. ಡರ್ಸ್‌ಲಿಯಲ್ಲಿ ತಯಾರಿಕೆ ನಿಂತ ಮೇಲೂ ರಾಜಕೋಟ್‌ನಲ್ಲಿ ನಿಲ್ಲಲಿಲ್ಲ. ಎಷ್ಟರಮಟ್ಟಿಗೆಂದರೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಮೂಲ ಲಿಸ್ಟರ್ ಇಟ್ಟುಕೊಂಡ ಹವ್ಯಾಸಿಗಳೂ ಭಾರತದ ಬಿಡಿಭಾಗ ತರಿಸಿಕೊಂಡರು. ನಕಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದವು: ಅಚ್ಚಿನ ಮರಳು ಒಳಗೇ ಉಳಿದಿರುವುದು, ಬೇರಿಂಗ್ ಸರಿಯಾಗಿ ಕೂರದಿರುವುದು. ಆದರೂ ಮೂಲವನ್ನು ಜೀವಂತವಾಗಿ ಇಟ್ಟದ್ದು ನಕಲೇ.

ನಕಲು ಮಾಡುವವರಿಲ್ಲದ ಯಂತ್ರದ ಗತಿ ಏನಾಗುತ್ತದೆಂದು ತಿಳಿಯಲು ಹಳೆಯ ಮರ ಕೊಯ್ಯುವ ಚೈನ್‌ಸಾಗಳನ್ನು ನೋಡಬಹುದು. ಜರ್ಮನಿಯ ಸ್ಟೀಲ್ ಕಂಪನಿ 1920ರ ದಶಕದಲ್ಲಿ ತಂದ ಚೈನ್‌ಸಾ ಹೊರಲು ಇಬ್ಬರು ಬೇಕಿತ್ತು. 1949ರಲ್ಲಿ ಅಮೆರಿಕದ ಮೆಕಲಕ್ ಒಬ್ಬನೇ ಹಿಡಿಯಬಹುದಾದ ಹಗುರ ಮಾದರಿ ತಂದು ಹೆಸರಾಯಿತು. ಮೆಗ್ನೀಸಿಯಮ್ ಅಚ್ಚು, ಅದರದೇ ಅಳತೆಯ ಕಾರ್ಬುರೇಟರ್, ಅದರದೇ ಸೀಲು. 1999ರಲ್ಲಿ ಆ ಕಂಪನಿ ದಿವಾಳಿಯಾಯಿತು. ಅಂಥ ಹಳೆಯ ಗರಗಸ ಇಟ್ಟುಕೊಂಡವರು ಬಿಡಿಭಾಗಕ್ಕಾಗಿ ಇನ್ನೊಂದು ಕೆಟ್ಟ ಗರಗಸವನ್ನೇ ಕೊಂಡು ಬಿಚ್ಚುತ್ತಾರೆ. ಎರಡು ಸತ್ತರೆ ಒಂದು ಬದುಕುತ್ತದೆ. ಹಗುರವಾಗಿ, ವೇಗವಾಗಿ ಓಡಲೆಂದು ಮಾಡಿದ ಯಂತ್ರವನ್ನು ಹಳ್ಳಿಯ ಫೌಂಡ್ರಿಯಲ್ಲಿ ಎರಕ ಹೊಯ್ಯಲಾಗದು. ಬಾವಿಯ ಎಂಜಿನ್ ಭಾರವಾಗಿತ್ತು, ನಿಧಾನವಾಗಿತ್ತು, ಒರಟಾಗಿತ್ತು. ಅದರ ಆಯುಸ್ಸಿಗೆ ಅದೇ ಕಾರಣ.

ಇಷ್ಟಾದರೂ ಸಾಸವಡದ ಸುತ್ತ ಎಂಜಿನ್ ಸದ್ದು ಕಡಿಮೆಯಾಗಿದೆ. ಇದಕ್ಕೆ ಕಾರಣ ಸವೆತವಲ್ಲ. ಎಂಜಿನ್ನಿಗೆ ಜೋಡಿಸಿದ ಪಂಪು ನೀರನ್ನು ಹೀರಿ ಎತ್ತುತ್ತದೆ. ಹಾಗೆ ಹೀರುವುದಕ್ಕೆ ನಿಸರ್ಗವೇ ಹಾಕಿದ ಮಿತಿ ಇದೆ. ವಾತಾವರಣದ ಒತ್ತಡ ನೀರನ್ನು ಏರಿಸಬಲ್ಲದ್ದು ಲೆಕ್ಕದಲ್ಲಿ ಸುಮಾರು 10 ಮೀಟರ್, ಬಳಕೆಯಲ್ಲಿ ಏಳೆಂಟು ಮೀಟರ್ ಅಷ್ಟೇ. ನೀರು ಇನ್ನೂ ಕೆಳಗಿಳಿದಾಗ ರೈತರು ಬಾವಿಯ ಒಳಗೋಡೆಯಲ್ಲಿ ಕಟ್ಟೆ ಮಾಡಿ ಪಂಪನ್ನು ಕೆಳಗಿಳಿಸಿದರು. ಕೆಲವೆಡೆ ಹೊಗೆಯ ಅಪಾಯವಿದ್ದರೂ ಎಂಜಿನ್ನನ್ನೇ ಇಳಿಸಿದರು. 1972ರ ಬರದಲ್ಲಿ ಬಾವಿಗಳನ್ನು ಇನ್ನೂ ಆಳಕ್ಕೆ ತೋಡಿದರು. ಆಮೇಲೆ ಕೊಳವೆಬಾವಿ ಬಂತು. ಅಂಗೈ ಅಗಲದ ಆ ತೂತಿನೊಳಕ್ಕೆ ಎಂಜಿನ್ ಇಳಿಯಲಾರದು. ಇಳಿದದ್ದು ವಿದ್ಯುತ್ತಿನ ಸಬ್‌ಮರ್ಸಿಬಲ್ ಪಂಪು. ಹತ್ತಾರು ವರ್ಷ ದುಡಿದ ಎಂಜಿನ್ ಕೆಡದೆಯೇ ನಿರುಪಯೋಗಿಯಾಯಿತು. ಅದು ನಿಂತ ಜಾಗ ಒಂದು ಕಾಲದಲ್ಲಿ ನೀರು ಎಷ್ಟು ಮೇಲಿತ್ತು ಎಂಬುದರ ಗುರುತು.

ಪೂರ್ತಿ ಮರೆಯಾಗದಿರಲು ಕಾರಣವೂ ವಿದ್ಯುತ್ತೇ. ಹೊಲದ ಪಂಪಿಗೆ ಕರೆಂಟು ಸರದಿಯ ಮೇಲೆ ಬರುತ್ತದೆ, ಎಷ್ಟೋ ಸಲ ನಡುರಾತ್ರಿಯಲ್ಲಿ. ಅಂಜೂರದ ಗಿಡ ಬಾಡುವ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಕೃಷಿಹೊಂಡದಲ್ಲಿ ತುಂಬಿಟ್ಟ ನೀರನ್ನು ಎತ್ತಲು ಹಳೆಯ ಎಂಜಿನ್ ಬೇಕಾಗುತ್ತದೆ. ಆಗ ಹುಡುಕಾಟ ಶುರು: ರಿಂಗು ಎಲ್ಲಿ, ನಾಝಲ್ ಎಲ್ಲಿ, ಅದಕ್ಕಿಂತ ಮುಖ್ಯವಾಗಿ, ಅದನ್ನು ಕೂರಿಸುವ ಮಿಸ್ತ್ರಿ ಎಲ್ಲಿ? ರಿಂಗು ರಾಜಕೋಟ್‌ನಿಂದ ಬರಬಹುದು. ಫೀಲರ್ ಗೇಜು ಹಿಡಿಯುವ ಕೈ, 'ಟಿಕ್' ಕೇಳಿಸಿಕೊಳ್ಳುವ ಕಿವಿ ಪಾರ್ಸೆಲ್ಲಿನಲ್ಲಿ ಬರುವುದಿಲ್ಲ. ಅದನ್ನು ಒಬ್ಬರ ಪಕ್ಕದಲ್ಲಿ ಕೂತು ಇನ್ನೊಬ್ಬರು ಕಲಿಯಬೇಕು. ಕಲಿಯುವವರು ಮೊಬೈಲ್ ಮತ್ತು ಬೈಕುಗಳ ಕಡೆ ಹೋಗಿರುವುದರಲ್ಲಿ ಅವರ ತಪ್ಪೇನಿಲ್ಲ. ಸಂಬಳ ಇರುವುದು ಅಲ್ಲಿ.

ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದ ಎಂಜಿನ್ ಕರಗಿ ಇನ್ನೇನೋ ಆಗುತ್ತದೆ. ಕಬ್ಬಿಣಕ್ಕೆ ಅದು ಹೊಸದಲ್ಲ. ಉಳಿದವಕ್ಕೆ ನವರಾತ್ರಿಯ ಒಂಬತ್ತನೇ ದಿನ, ಮರಾಠಿಯವರ ಖಂಡೇನವಮಿಯಂದು, ನಮ್ಮ ಆಯುಧಪೂಜೆಯ ದಿನದಂತೆಯೇ ಅರಿಸಿನ ಕುಂಕುಮ ಸಿಗುತ್ತದೆ. ಪೂಜೆಯಾದ ಮೇಲೆ ಒಮ್ಮೆ ಓಡಿಸುವುದು ಒಳ್ಳೆಯದು. ಡಿಕಂಪ್ರೆಶನ್ ಲಿವರ್ ಎತ್ತಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು ಹ್ಯಾಂಡಲ್ ಹಿಡಿಯಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಉಳಿಯುವುದು ಹಾಗೆ ಹಿಡಿದಾಗ ಮಾತ್ರ. ಫ್ಲೈವೀಲಿಗೆ ವೇಗ ಬಂದೊಡನೆ ಲಿವರ್ ಬಿಡಬೇಕು. ಒಳಗೆ ರಿಂಗು ಸರಿಯಾಗಿದ್ದರೆ, ಎಪ್ಪತ್ತು ವರ್ಷದ ಎಂಜಿನ್ನೂ ಮೊದಲ ಹೊಗೆ ಬಿಟ್ಟು ಓಡತೊಡಗುತ್ತದೆ.