ಕ್ಯಾನೋಯಿಂಗ್: ತಂತ್ರ ಮತ್ತು ದೇಹಸಿದ್ಧತೆ

ಕ್ಯಾನೋಯಿಂಗ್ ಎಂದರೆ ಕಿರಿದಾದ ಹಗುರ ದೋಣಿಯನ್ನು ಹುಟ್ಟು ಹಾಕಿ ನಡೆಸುವ ಜಲಕ್ರೀಡೆ. ಕ್ಯಾನೋ ಸ್ಪರ್ಧಿಯು ಒಂದು ಮಂಡಿಯೂರಿ, ಒಂದೇ ಅಲಗಿನ ಹುಟ್ಟನ್ನು ಒಂದೇ ಪಕ್ಕದಲ್ಲಿ ಹಾಕುತ್ತಾನೆ. ಕಯಾಕ್‌ನಲ್ಲಿ ಕುಳಿತು, ಎರಡು ಅಲಗಿನ ಹುಟ್ಟನ್ನು ಎಡಬಲಕ್ಕೆ ಎಳೆಯುತ್ತಾರೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಿಂದ ಕ್ಯಾನೋಯಿಂಗ್ ಪದಕದ ಕ್ರೀಡೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಜೋಡಿ ಕ್ಯಾನೋ 1000 ಮೀಟರ್‌ನಲ್ಲಿ ಭಾರತದ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ ಕಂಚು ಗೆದ್ದರು. 1994ರ ಹಿರೋಷಿಮಾ ಕೂಟದ ನಂತರ ಈ ಕ್ರೀಡೆಯಲ್ಲಿ ಭಾರತಕ್ಕೆ ಸಿಕ್ಕ ಮೊದಲ ಏಷ್ಯಾಡ್ ಪದಕ ಅದು.

ಅಭ್ಯಾಸದ ತಾಣಗಳು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಹರಿದು ಕೆಂಗೇರಿ ದಾಟುವ ವೃಷಭಾವತಿ ಇಂದು ಕೊಳಚೆ ತುಂಬಿದ ಹೊಳೆ. ಅದರಲ್ಲಿ ದೋಣಿ ಇಳಿಸುವಂತಿಲ್ಲ. ಆ ಭಾಗದ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದವರಿಗೆ ಹತ್ತಿರವಿರುವ ವಿಶಾಲ ನೀರಿನ ತಾಣಗಳಲ್ಲಿ ಒಂದು ಅರ್ಕಾವತಿಯ ಮಂಚನಬೆಲೆ ಜಲಾಶಯ. ಮಾಗಡಿ ರಸ್ತೆಯಿಂದಲೂ, ಕೆಂಗೇರಿ ಕಡೆಯಿಂದ ದೊಡ್ಡ ಆಲದ ಮರದ ಹಾದಿಯಲ್ಲೂ ಅಲ್ಲಿಗೆ ಹೋಗಬಹುದು. ಆ ಸುತ್ತಿನ ಸಾಹಸ ಶಿಬಿರಗಳು ಕಯಾಕಿಂಗ್ ಮಾಡಿಸುತ್ತ ಬಂದಿವೆ. ದೀರ್ಘ ಅಭ್ಯಾಸಕ್ಕೆ ಸಾಗರ ತಾಲ್ಲೂಕಿನ ಹೊನ್ನೆಮರಡಿನಲ್ಲಿ ಶರಾವತಿಯ ಹಿನ್ನೀರು, ಕರಾವಳಿಯ ಸಾಲಿಗ್ರಾಮದಲ್ಲಿ ಸೀತಾ ನದಿಯ ಹಿನ್ನೀರು, ದಾಂಡೇಲಿಯಲ್ಲಿ ಕಾಳಿ ನದಿ ಇವೆ.

ತಂತ್ರ

ಹೊಸಬರು ತೋಳಿನಿಂದ ಎಳೆದು ಬೇಗ ದಣಿಯುತ್ತಾರೆ. ದೋಣಿಗೆ ವೇಗ ಕೊಡುವುದು ಸೊಂಟ, ಬೆನ್ನು ಮತ್ತು ಕಾಲಿನ ದೊಡ್ಡ ಸ್ನಾಯುಗಳು. ಅವುಗಳ ಬಲವನ್ನು ಹುಟ್ಟಿಗೆ ಮುಟ್ಟಿಸುವುದಷ್ಟೇ ತೋಳಿನ ಕೆಲಸ.

ಒಂದು ಎಳೆತದಲ್ಲಿ ನಾಲ್ಕು ಹಂತಗಳಿವೆ. ಮೊದಲು ಮುಂಡವನ್ನು ತಿರುಗಿಸಿ, ಅಲಗನ್ನು ಪಾದದ ನೇರಕ್ಕೆ ಸದ್ದಿಲ್ಲದೆ ಪೂರ್ತಿ ಮುಳುಗಿಸಬೇಕು. ನೀರು ಚಿಮ್ಮಿದರೆ ಅಲಗು ಮುಳುಗುವ ಮುಂಚೆಯೇ ಎಳೆತ ಶುರುವಾಗಿದೆ ಎಂದರ್ಥ. ಎರಡನೆಯದು, ಕಾಲೊತ್ತಿ ಮುಂಡವನ್ನು ಹಿಂದಕ್ಕೆ ತಿರುಗಿಸುತ್ತ ಎಳೆಯುವುದು. ಮೂರನೆಯದು, ಅಲಗು ಸೊಂಟದ ಬಳಿ ಬಂದೊಡನೆ ಮೇಲೆತ್ತುವುದು; ಅಲ್ಲಿಂದ ಹಿಂದಕ್ಕೆ ಎಳೆದರೆ ದೋಣಿಯ ಹಿಂಬದಿ ಕೆಳಗಿಳಿದು ವೇಗ ಕುಂದುತ್ತದೆ. ಕೊನೆಯದು, ಭುಜ ಸಡಿಲಿಸಿ ಮರಳುವುದು.

ಕ್ಯಾನೋದಲ್ಲಿ ಒಂದೇ ಪಕ್ಕ ಹುಟ್ಟು ಹಾಕಿದರೆ ದೋಣಿ ಎದುರು ಪಕ್ಕಕ್ಕೆ ತಿರುಗುತ್ತದೆ. ಎಳೆತದ ತುದಿಯಲ್ಲಿ ಅಲಗನ್ನು ಹೊರಕ್ಕೆ ಹೊರಳಿಸುವ ‘ಜೆ’ ಎಳೆತ ಅದನ್ನು ನೇರಗೊಳಿಸುತ್ತದೆ. ಪಕ್ಕಕ್ಕೆ ಸರಿಯಲು ಅಲಗನ್ನು ದೂರ ಇಟ್ಟು ದೋಣಿಯತ್ತ ಎಳೆದುಕೊಳ್ಳಬೇಕು. ತುಂಗಭದ್ರೆಯಲ್ಲಿ ಹರಿಗೋಲು ನಡೆಸುವ ಅಂಬಿಗರು ಹುಟ್ಟನ್ನು ಮುಂದೆ ಇಳಿಸಿ ತಮ್ಮತ್ತ ಎಳೆದುಕೊಳ್ಳುವುದೂ ಇದೇ ತತ್ವದ ಮೇಲೆ.

ದೇಹಸಿದ್ಧತೆ

ನುರಿತವರಿಗೂ 1000 ಮೀಟರ್ ಕ್ಯಾನೋ ಓಟ ಸುಮಾರು ನಾಲ್ಕು ನಿಮಿಷದ ದುಡಿಮೆ. ಹಾಗಾಗಿ ಬಲಕ್ಕಿಂತ ಮೊದಲು ಉಸಿರಿನ ತಾಳಿಕೆ ಬೆಳೆಯಬೇಕು. ಈ ತಯಾರಿಯ ಬಹುಪಾಲಿಗೆ ಕೆರೆ ಬೇಕಿಲ್ಲ, ಬಡಾವಣೆಯ ಪಾರ್ಕು ಮತ್ತು ಈಜುಕೊಳ ಸಾಕು. ವಾರದಲ್ಲಿ ಕೆಲವು ದಿನ ಮಾತಾಡಬಲ್ಲಷ್ಟೇ ವೇಗದ ಓಟ ಅಥವಾ ಈಜು, ಇನ್ನೊಂದು ದಿನ ನಡುನಡುವೆ ಬಿಡುವು ಕೊಟ್ಟು ಚುರುಕಿನ ಓಟ ಒಳ್ಳೆಯ ಆರಂಭ. ಬಲಕ್ಕೆ ಪುಲ್-ಅಪ್, ಬಸ್ಕಿ, ಪ್ಲ್ಯಾಂಕ್ ಇವೆ. ಎಳೆಯುವ ಸ್ನಾಯುಗಳಷ್ಟೇ ಬಲಿಯದಂತೆ ದಂಡವನ್ನೂ ಹೊಡೆಯಬೇಕು. ನೆಲದ ಮೇಲೆ ಕಾಲು ಚಾಚಿ ಕೂತು, ಕೋಲು ಹಿಡಿದು, ತೋಳು ಮಡಿಸದೆ ಮುಂಡವನ್ನು ಮಾತ್ರ ತಿರುಗಿಸುವ ಅಭ್ಯಾಸ ತಂತ್ರವನ್ನು ಮೈಗೂಡಿಸುತ್ತದೆ. ಪಶ್ಚಿಮೋತ್ತಾನಾಸನ ತೊಡೆಯ ಹಿಂಭಾಗದ ಬಿಗಿ ಬಿಡಿಸುತ್ತದೆ.

ಸುರಕ್ಷತೆ

ಹೆಚ್ಚು ಪೆಟ್ಟಾಗುವುದು ಭುಜಕ್ಕೆ. ಕೈಯನ್ನು ಭುಜದ ರೇಖೆಗಿಂತ ಹಿಂದೆ ಚಾಚದೆ, ಮುಂಡವನ್ನೇ ತಿರುಗಿಸಿದರೆ ಅಪಾಯ ತಗ್ಗುತ್ತದೆ. ಮಂಚನಬೆಲೆಯಲ್ಲಿ ನೀರಿಗಿಳಿದವರು ಮುಳುಗಿ ಸತ್ತಿದ್ದಾರೆ; ಈಜು ಬಂದರೂ ಲೈಫ್ ಜಾಕೆಟ್ ಇಲ್ಲದೆ, ತರಬೇತುದಾರರಿಲ್ಲದೆ ಅಲ್ಲಿ ಇಳಿಯಕೂಡದು. ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜುವ ಬದಲು ಅದನ್ನೇ ಹಿಡಿದು ತೇಲಬೇಕು. ತರಬೇತುದಾರರ ಎದುರಿನಲ್ಲಿ, ಆಳವಿಲ್ಲದ ನೀರಿನಲ್ಲಿ ಬೇಕೆಂದೇ ಮಗುಚಿ ಮತ್ತೆ ಹತ್ತುವುದನ್ನು ಆರಂಭದಲ್ಲೇ ಕಲಿಯಬೇಕು. ಮಗುಚುವ ಭಯವಿದ್ದವರ ಸೊಂಟ ಬಿಗಿದುಕೊಳ್ಳುತ್ತದೆ, ಮುಂಡ ತಿರುಗುವುದಿಲ್ಲ, ಎಳೆತ ಮತ್ತೆ ತೋಳಿಗೇ ಬೀಳುತ್ತದೆ.