ಋತುಬಂಧ, ಹಾರ್ಮೋನ್ ಚಿಕಿತ್ಸೆ ಮತ್ತು ಹೃದಯದ ಆರೋಗ್ಯ: ಸಾರ್ವಜನಿಕ ಮಾಹಿತಿ

ತಿಕೋಟಾ ತಾಲ್ಲೂಕಿನ ಘೋಣಸಗಿ ಹಾಗೂ ಸುತ್ತಲಿನ ಗ್ರಾಮಗಳ ಮಹಿಳೆಯರ ಮತ್ತು ಅವರ ಕುಟುಂಬದವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಋತುಬಂಧ ಮತ್ತು ಹೃದಯ

ಸತತ 12 ತಿಂಗಳು ಮುಟ್ಟು ಬಾರದಿದ್ದಲ್ಲಿ ಅದನ್ನು ಋತುಬಂಧವೆಂದು ಪರಿಗಣಿಸಲಾಗುತ್ತದೆ. ಆಗ ಅಂಡಾಶಯದಲ್ಲಿ ಈಸ್ಟ್ರೋಜನ್ ಉತ್ಪತ್ತಿ ಕುಗ್ಗುತ್ತದೆ. ಇದರಿಂದ ಮೈ ಬಿಸಿಯಾಗುವುದು, ರಾತ್ರಿ ಬೆವರುವುದು ಹಾಗೂ ನಿದ್ರಾಭಂಗ ಉಂಟಾಗಬಹುದು. ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿ, ಹೃದ್ರೋಗದ ಸಂಭವವೂ ವಯಸ್ಸಿನೊಂದಿಗೆ ಏರುತ್ತದೆ.

2. ಅಧ್ಯಯನಗಳಿಂದ ತಿಳಿದುಬಂದ ಅಂಶಗಳು

ಹಾರ್ಮೋನ್ ನೀಡಿದರೆ ಹೃದಯಕ್ಕೆ ರಕ್ಷಣೆ ದೊರೆಯುವುದೆಂದು ಹಿಂದೆ ನಂಬಲಾಗಿತ್ತು. ಅಮೆರಿಕದಲ್ಲಿ 50ರಿಂದ 79 ವರ್ಷದ 16,608 ಮಹಿಳೆಯರ ಮೇಲೆ ನಡೆದ ಅಧ್ಯಯನವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಪಡೆದವರಲ್ಲಿ ಪ್ರತಿ 10,000 ಮಹಿಳೆಯರಿಗೆ ವರ್ಷಕ್ಕೆ 7 ಹೃದ್ರೋಗ, 8 ಪಾರ್ಶ್ವವಾಯು ಮತ್ತು 8 ಸ್ತನ ಕ್ಯಾನ್ಸರ್ ಪ್ರಕರಣಗಳು ಹೆಚ್ಚಾಗಿದ್ದವು. ಸೊಂಟದ ಮೂಳೆ ಮುರಿತ ಕಡಿಮೆಯಾಗಿತ್ತು.

ಆ ಬಳಿಕದ ವಿಶ್ಲೇಷಣೆಗಳಿಂದ, ಚಿಕಿತ್ಸೆ ಆರಂಭಿಸುವ ವಯಸ್ಸು ಮುಖ್ಯವೆಂದು ತಿಳಿದುಬಂದಿದೆ. 60 ವರ್ಷದೊಳಗಿನ ಅಥವಾ ಋತುಬಂಧವಾಗಿ 10 ವರ್ಷ ಮೀರದ ಆರೋಗ್ಯವಂತ ಮಹಿಳೆಯರಿಗೆ ತೀವ್ರ ತೊಂದರೆಯಿದ್ದಲ್ಲಿ, ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು. ಆದಾಗ್ಯೂ ಕೇವಲ ಹೃದ್ರೋಗ ತಡೆಯುವ ಉದ್ದೇಶದಿಂದ ಈ ಚಿಕಿತ್ಸೆಯನ್ನು ಪಡೆಯತಕ್ಕದ್ದಲ್ಲ.

3. ಗರ್ಭಕೋಶ ಶಸ್ತ್ರಚಿಕಿತ್ಸೆ

ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದಲ್ಲಿ ಋತುಬಂಧ ಒಮ್ಮೆಗೇ ಉಂಟಾಗುತ್ತದೆ. 45 ವರ್ಷಕ್ಕೆ ಮೊದಲು ಹೀಗಾದವರಲ್ಲಿ ಹೃದ್ರೋಗ ಹಾಗೂ ಮೂಳೆ ಸವೆತದ ಅಪಾಯ ಹೆಚ್ಚು. ಅಂತಹವರಿಗೆ, ಬೇರೆ ಅಡ್ಡಿಯಿಲ್ಲದಿದ್ದಲ್ಲಿ, ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆಯನ್ನು ವೈದ್ಯರು ಸೂಚಿಸಬಹುದು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮೊದಲು ಅಂಡಾಶಯಗಳನ್ನು ಉಳಿಸಲು ಸಾಧ್ಯವೇ ಎಂದು ಕೇಳುವುದು ಹಾಗೂ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಸೂಕ್ತ.

4. ಚಿಕಿತ್ಸೆ ಸೂಕ್ತವಲ್ಲದವರು

ಅ) ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿರುವವರು
ಆ) ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು
ಇ) ಸ್ತನ ಕ್ಯಾನ್ಸರ್ ಅಥವಾ ತೀವ್ರ ಯಕೃತ್ತಿನ ಕಾಯಿಲೆಯುಳ್ಳವರು
ಈ) ಕಾರಣ ತಿಳಿಯದ ರಕ್ತಸ್ರಾವವುಳ್ಳವರು

ಗರ್ಭಕೋಶವಿರುವವರು ಈಸ್ಟ್ರೋಜನ್ ಮಾತ್ರೆಯೊಂದನ್ನೇ ಸೇವಿಸಿದಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನ ಅಪಾಯವಿದೆ. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಔಷಧ ಅಂಗಡಿಯಿಂದ ಮಾತ್ರೆ ಖರೀದಿಸಬಾರದು.

5. ಸೇವೆ ಪಡೆಯುವ ವಿಧಾನ

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಅಂಶವನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಸ್ತ್ರೀರೋಗ ತಜ್ಞರ ಸಲಹೆ ಅಗತ್ಯವಿದ್ದಲ್ಲಿ ವಿಜಯಪುರದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಆಧಾರ್ ಕಾರ್ಡ್, ಪಡಿತರ ಚೀಟಿ, ಹಿಂದಿನ ಶಸ್ತ್ರಚಿಕಿತ್ಸೆಯ ದಾಖಲೆ ಹಾಗೂ ಸೇವಿಸುತ್ತಿರುವ ಔಷಧಗಳ ಚೀಟಿಯನ್ನು ಜೊತೆಗೆ ತರತಕ್ಕದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗೆ ನಿಗದಿತ ಚಿಕಿತ್ಸೆಗಳ ಸೌಲಭ್ಯವಿದೆ.

6. ತುರ್ತು ಸೂಚನೆ

ಮಹಿಳೆಯರಲ್ಲಿ ಹೃದಯಾಘಾತವು ಎದೆನೋವಿನ ಜೊತೆಗೆ ಅಥವಾ ಎದೆನೋವಿಲ್ಲದೆಯೂ ಉಸಿರಾಟದ ತೊಂದರೆ, ದವಡೆ ಅಥವಾ ಬೆನ್ನುನೋವು, ವಾಕರಿಕೆ, ವಿಪರೀತ ಸುಸ್ತಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಇದನ್ನು ಗ್ಯಾಸ್ ಅಥವಾ ಮುಟ್ಟು ನಿಲ್ಲುವ ಕಾಲದ ತೊಂದರೆಯೆಂದು ಕಡೆಗಣಿಸದೆ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಪರೀಕ್ಷೆ ನಡೆಸಿ, ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ.