ಬರದ ಜಿಲ್ಲೆಯಲ್ಲಿ ನೆರೆ ನಿರ್ವಹಣೆ: ರಾಯಚೂರು, ದೇವದುರ್ಗ, ಮಾನ್ವಿ

ರಾಯಚೂರು ಜಿಲ್ಲೆಗೆ ನೆರೆ ಎರಡು ದಾರಿಯಲ್ಲಿ ಬರುತ್ತದೆ. ಘಟ್ಟದ ಮಳೆ ಜಲಾಶಯಗಳನ್ನು ತುಂಬಿಸಿ ಕೃಷ್ಣೆ, ತುಂಗಭದ್ರೆಗಳಲ್ಲಿ ಇಳಿದು ಬರುವುದು ಒಂದು. ಆಗ ಊರಿನಲ್ಲಿ ಹನಿ ಮಳೆ ಇಲ್ಲದಿದ್ದರೂ ಉತ್ತರದಲ್ಲಿ ದೇವದುರ್ಗದ, ದಕ್ಷಿಣದಲ್ಲಿ ಮಾನ್ವಿಯ ಹೊಳೆದಂಡೆ ಮುಳುಗುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ನುಗ್ಗಿ ಎರೆಭೂಮಿಯ ಮೇಲೆಯೇ ಸುರಿಯುವುದು ಇನ್ನೊಂದು. ಮೊದಲನೆಯದಕ್ಕೆ ಆಡಳಿತ ಬಹುಮಟ್ಟಿಗೆ ಸಜ್ಜಾಗಿದೆ, ಎರಡನೆಯದಕ್ಕೆ ಇನ್ನೂ ಆಗಿಲ್ಲ.

ಬಹುಕಾಲ ಇಲ್ಲಿ ಪರಿಹಾರವೆಂದರೆ ಬರ ಪರಿಹಾರವೇ. ಜಿಲ್ಲೆ ನಿಜಾಮರ ಸಂಸ್ಥಾನದಲ್ಲಿದ್ದಾಗ, 1908ರ ಮೂಸಿ ಪ್ರವಾಹದ ಬಳಿಕ ರಾಜಧಾನಿ ಹೈದರಾಬಾದಿಗೆ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ನೆರೆ ತಡೆಯುವ ಜಲಾಶಯಗಳು ಬಂದವು. ಆದರೆ ಎರಡು ನದಿಗಳ ನಡುವಿನ ಈ ದೋಆಬಿನ ಕೊರಗು ನೀರು ಇಲ್ಲದ್ದು. ತುಂಗಭದ್ರಾ (1953), ನಾರಾಯಣಪುರ (1982) ಅಣೆಕಟ್ಟುಗಳ ಮುಖ್ಯ ಗುರಿ ನೀರಾವರಿಯಾಗಿತ್ತು. ರಾಜ್ಯ ಸರ್ಕಾರ 1988ರಲ್ಲಿ ಆರಂಭಿಸಿದ ನಿಗಾ ಘಟಕವೂ ಬರಕ್ಕೆಂದೇ ಇದ್ದದ್ದು. ಅದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದದ್ದು 2007ರಲ್ಲಿ, ಅಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಂದ ಮೇಲೆ.

ಎರಡೇ ವರ್ಷದಲ್ಲಿ ಪರೀಕ್ಷೆ ಎದುರಾಯಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಮಳೆ, ನೆರೆಗೆ ಸಿಕ್ಕಿ 200ಕ್ಕೂ ಹೆಚ್ಚು ಜನ ಸತ್ತರು. ಆ ಮಳೆಯ ದೊಡ್ಡ ಪಾಲು ಬಿದ್ದದ್ದು ಅಣೆಕಟ್ಟುಗಳ ಕೆಳಗೆ. ಹಳ್ಳಗಳು ನೇರ ನದಿಗೆ ಸೇರಿದ್ದರಿಂದ ಗೇಟು ಮುಚ್ಚಿ ತಡೆಯುವಂತಿರಲಿಲ್ಲ. ಹೊಳೆಯಾಚೆಯ ಮಂತ್ರಾಲಯ, ಕರ್ನೂಲು ಮುಳುಗಿದವು. ಶ್ರೀಶೈಲಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ನೀರು ಹರಿದುಬಂತು. ಆ ಅಣೆಕಟ್ಟಿನ ವಿನ್ಯಾಸ 19 ಲಕ್ಷದ್ದು. ಹೊಳೆಯಿಂದ ದೂರದ ಹಳ್ಳಿಗಳೂ ಉಳಿಯಲಿಲ್ಲ. ಬಿಸಿಲು ತಡೆಯಲು ಹೇಳಿಮಾಡಿಸಿದ ಮಣ್ಣಿನ ಮಾಳಿಗೆಗಳು ದಿನಗಟ್ಟಲೆ ನೆನೆದು, ಭಾರ ತಾಳದೆ, ಒಳಗಿದ್ದವರ ಮೇಲೆಯೇ ಕುಸಿದವು.

ಆಗಿನ ಪರಿಹಾರ ಗಂಜಿ ಕೇಂದ್ರಗಳಿಂದ ಶುರುವಾಗಿ ಊರುಗಳ ಸ್ಥಳಾಂತರದವರೆಗೆ ಹೋಯಿತು. ‘ಆಸರೆ’ ಯೋಜನೆಯಲ್ಲಿ ಸರ್ಕಾರ ಜಾಗ ಕೊಟ್ಟಿತು, ಕಂಪನಿಗಳು, ಮಠಗಳು, ದಾನಿಗಳು ಮನೆ ಕಟ್ಟಿದರು. ಮನೆಗಳೇನೋ ಎದ್ದವು, ಆದರೆ ಹೊಲ ದೂರ, ಎತ್ತು ಕಟ್ಟಲು, ಹೊಟ್ಟು ಮೇವು ಒಟ್ಟಲು ಜಾಗವಿಲ್ಲ. ಹೀಗಾಗಿ ಹಲವೆಡೆ ಜನ ಹಳೇ ಊರನ್ನು ಬಿಡಲಿಲ್ಲ. ಒಕ್ಕಲುತನದ ಮನೆ ಹೇಗಿರುತ್ತದೆಂದು ಒಕ್ಕಲಿಗರನ್ನೇ ಕೇಳದೆ ಬರೆದ ನಕ್ಷೆಗೆ ಬೇರೆ ಗತಿ ಇರಲಿಲ್ಲ.

ಮುಂದಿನ ದಶಕದಲ್ಲಿ ಸುಧಾರಿಸಿದ್ದು ಮುನ್ಸೂಚನೆ. ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳು ಬಂದವು. ಮಳೆಯ ಮಾಹಿತಿ ಕೇಳುವ ರೈತರಿಗೆ ‘ವರುಣಮಿತ್ರ’ ಸಹಾಯವಾಣಿ ಇದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿ ಶಹಾಪುರದ ಕಡೆಯ ಸಂಚಾರ ನಿಂತಿತು. ಆದರೆ ನೀರು ಎಷ್ಟು ಬರುತ್ತದೆಂಬುದು ಮೊದಲೇ ತಿಳಿದಿತ್ತು. ಡಂಗುರ ಸಾರಿ ಜನರನ್ನು ಎತ್ತರದ ಜಾಗಕ್ಕೆ ಕಳಿಸಲು ಸಮಯ ಸಿಕ್ಕಿತು. ಗಂಜಿ ಕೇಂದ್ರ ಎಂಬ ಹೆಸರೂ ‘ಕಾಳಜಿ ಕೇಂದ್ರ’ವಾಗಿ ಬದಲಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗಲೂ ನದಿಪಾತ್ರದ ಹಳ್ಳಿಗಳಿಗೆ ಎಚ್ಚರಿಕೆ ಮುಟ್ಟಿತು. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿ ಹರಿವು ತಡೆಯಲಾಯಿತು. ಕೃಷ್ಣೆಯ ನಡುಗಡ್ಡೆಗಳ ಕತೆ ಬೇರೆ: ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದಾದವರು ತೆಪ್ಪವನ್ನೇ ನಂಬಿದವರು, ನೆರೆಯಲ್ಲಿ ಮೊದಲು ನಿಲ್ಲುವುದೂ ಆ ತೆಪ್ಪವೇ.

ನೇರ ಮಳೆಯ ಹಾನಿಗೆ ಹೊಳೆಯ ನೆರೆಗಿರುವಂಥ ಏರ್ಪಾಡಿಲ್ಲ. ರಾಯಚೂರು ನಗರದಲ್ಲಿ ಜೋರು ಮಳೆಯಾದರೆ ಸಿಯಾತಲಾಬಿನಂಥ ತಗ್ಗು ಬಡಾವಣೆಗಳ ಮನೆಗಳಿಗೆ ಚರಂಡಿ ನೀರು ನುಗ್ಗುತ್ತದೆ. ಹಳ್ಳಿಗಳಲ್ಲಿ ಯಾವ ಮಾಳಿಗೆ ಶಿಥಿಲವಾಗಿದೆ ಎಂದು ಮಳೆಗಾಲಕ್ಕೆ ಮುಂಚೆ ಗುರುತಿಸುವ ಕೆಲಸಕ್ಕಿಂತ, ಬಿದ್ದ ಮೇಲೆ ಹಾನಿ ಅಳೆಯುವ ಕೆಲಸವೇ ಹೆಚ್ಚು. ಪೂರ್ಣ ಕುಸಿದ ಮನೆಗೆ ಕೇಂದ್ರದ ಮಾನದಂಡ 95,100 ರೂಪಾಯಿ ಇದ್ದಾಗ, 2019ರಲ್ಲಿ ರಾಜ್ಯ ಸರ್ಕಾರ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿತು. ಉಳಿದವಕ್ಕೆ ಹಾನಿಯ ಪ್ರಮಾಣ ನೋಡಿ ಕಡಿಮೆ ಹಣ ನಿಗದಿಯಾಗಿತ್ತು. ಮಣ್ಣಿನ ಮನೆ ಮಾತ್ರ ಒಂದೇ ದಿನಕ್ಕೆ ಬೀಳುವುದಿಲ್ಲ. ಈ ಮಳೆಗೆ ಒಂದು ಗೋಡೆ, ಮುಂದಿನದಕ್ಕೆ ಮಾಳಿಗೆ. ಸಮೀಕ್ಷೆಗೆ ಬಂದವರು ಹಾಳೆಯಲ್ಲಿ ಬರೆದುಕೊಳ್ಳುವುದು ಅವತ್ತು ಬಿದ್ದದ್ದನ್ನು ಮಾತ್ರ.